ಸಾವನದುರ್ಗದಲ್ಲಿ ಪೆಗ್ಗಿ ಆಶ್‌ಕ್ರಾಫ್ಟ್

ನಿನ್ನೆ ರಾತ್ರಿ ‘ಎ ಪ್ಯಾಸೇಜ್ ಟು ಇಂಡಿಯಾ’ ಸಿನಿಮಾ ಮತ್ತೆ ನೋಡಿದೆ. ನಮ್ಮ ಸಾವನದುರ್ಗದ ಬಂಡೆ ಕಂಡು ಖುಷಿಯಾಯಿತು. ಆದರೆ ಮನಸ್ಸು ನಿಂತಿದ್ದು ಮಿಸೆಸ್ ಮೂರ್ ಪಾತ್ರದ ಬ್ರಿಟಿಷ್ ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಹತ್ತಿರ. ಇದಕ್ಕೆ ಆಸ್ಕರ್ ಬಂದಾಗ ಆಕೆಗೆ 77 ವರ್ಷ! ಅಷ್ಟರಲ್ಲಿ ರಂಗಭೂಮಿಯಲ್ಲೇ ಅರ್ಧ ಶತಮಾನಕ್ಕಿಂತ ಜಾಸ್ತಿ ಕಳೆದಿದ್ದರು. 1930ರಲ್ಲಿ ಲಂಡನ್ನಿನಲ್ಲಿ ಶೇಕ್ಸ್‌ಪಿಯರ್‌ನ ‘ಒಥೆಲೊ’ ನಾಟಕ: ಅಮೆರಿಕದ ಕಪ್ಪು ನಟ ಪಾಲ್ ರೋಬ್ಸನ್ ಒಥೆಲೊ, ಈಕೆ ಅವನ ಹೆಂಡತಿ ಡೆಸ್ಡಿಮೋನಾ. ಕಪ್ಪು ನಟನ ಜೊತೆ ಬಿಳಿ ಹುಡುಗಿ ಅಂತ ಬೈದು ಪತ್ರ ಬರೆದವರೂ ಇದ್ದರಂತೆ. ಆಗ ಆಕೆಗೆ ಬರೀ 22. ನನಗೆ ಆಸ್ಕರ್‌ಗಿಂತ ಇದೇ ದೊಡ್ಡದು ಅನಿಸುತ್ತದೆ.

ಸಿನಿಮಾದ ಮಸೀದಿಯ ದೃಶ್ಯದಲ್ಲಿ ಆಕೆಯ ಮುಖ ನೋಡಿ. ಜೋರು ದನಿಯಿಲ್ಲ, ಕಣ್ಣೀರಿಲ್ಲ. ಬೆಳದಿಂಗಳಲ್ಲಿ ಸುಮ್ನೆ ನಿಂತು ಮಾತಾಡುತ್ತಾರೆ, ಅಷ್ಟೇ. ನಾನು ಆ ದೃಶ್ಯವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ.