ನೋವಿ ಪಜಾರ್ ಬಸ್ ಹತ್ತುವ ಮುಂಚೆ ಚಿಲ್ಲರೆ ಇಟ್ಟುಕೊಳ್ಳಿ

ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನಿಂದ ಅದೇ ದೇಶದ ನೋವಿ ಪಜಾರ್ ಊರಿಗೆ ರೈಲಿಲ್ಲ, ಬಸ್ಸೇ ಗತಿ. ಟಿಕೆಟ್ ತಗೊಂಡ ಮೇಲೂ ಡಿಕ್ಕಿಯಲ್ಲಿ ಬ್ಯಾಗ್ ಇಡೋಕೆ ಬೇರೆ ದುಡ್ಡು ಕೊಡಬೇಕು. ಅದು ಅಲ್ಲಿನ ರೂಢಿ, ಜಗಳ ಆಡಬೇಡಿ. ನಮ್ಮ ಡ್ರೈವರ್ ಮಾತ್ರ ದೊಡ್ಡ ನೋಟು ಇಸಕೊಂಡು ಬಾಕಿ ಕೊಡಲೇ ಇಲ್ಲ. ಎಸಿ ಕೆಟ್ಟಿತ್ತು, ಕಿಟಕಿ ತೆಗೆಯೋ ಹಾಗಿರಲಿಲ್ಲ, ದಾರಿಯೆಲ್ಲ ತಿರುವು. ವಾಂತಿ ಬರುವವರು ಮಾತ್ರೆ ನುಂಗಿಯೇ ಹತ್ತಿ.

ಇಷ್ಟೆಲ್ಲ ಯಾಕೆ ಅಂದರೆ, ಒಟ್ಟೋಮನ್ನರ (ತುರ್ಕಿ ಸುಲ್ತಾನರ ಸಾಮ್ರಾಜ್ಯದ) ಹಳೇ ಗಡಿ ಜಿಲ್ಲೆ ನೋಡೋ ಹುಚ್ಚು. ಆ ಜಿಲ್ಲೆಗೆ ಸಂಜಾಕ್ ಅನ್ನುತ್ತಿದ್ದರು, ಜನ ಈಗಲೂ ಈ ಸೀಮೆಯನ್ನು ಹಾಗೇ ಕರೆಯುತ್ತಾರೆ. ನೋವಿ ಪಜಾರ್ 15ನೇ ಶತಮಾನದಲ್ಲಿ ಒಟ್ಟೋಮನ್ ದಂಡನಾಯಕ ಈಸಾ ಬೇಗ್ ಕಟ್ಟಿಸಿದ ಊರು. ಯುರೋಪಿನ ದೊಡ್ಡ ದೇಶಗಳು ಬಾಲ್ಕನ್ ಗಡಿಗಳನ್ನು ಹೊಸದಾಗಿ ಗೀಚಿದ 1878ರ ಬರ್ಲಿನ್ ಒಪ್ಪಂದದ ಹೊತ್ತಿಗೆ ಒಂದು ಕಡೆ ಸರ್ಬಿಯಾ, ಇನ್ನೊಂದು ಕಡೆ ಮಾಂಟೆನೆಗ್ರೋ, ನಡುವೆ ಈ ಕಿರಿದಾದ ಪಟ್ಟಿ. ಆಡಳಿತ ಸುಲ್ತಾನನದು. ಆದರೆ ಅದೇ ಒಪ್ಪಂದದ ಪ್ರಕಾರ ಪ್ಲೆವ್ಲ್ಯಾ, ಪ್ರಿಬೋಯ್, ಪ್ರಿಯೆಪೋಲ್ಯೆ ಊರುಗಳಲ್ಲಿ 1879ರಿಂದ 1908ರವರೆಗೆ ಬೀಡುಬಿಟ್ಟಿದ್ದು ಆಸ್ಟ್ರಿಯಾ-ಹಂಗೆರಿಯ ಸೈನ್ಯ! ಒಟ್ಟೋಮನ್ನರ ವಿರುದ್ಧ ನಡೆದ 1912ರ ಬಾಲ್ಕನ್ ಯುದ್ಧದಲ್ಲಿ ಅಕ್ಕಪಕ್ಕದ ಸರ್ಬಿಯಾ, ಮಾಂಟೆನೆಗ್ರೋ ಎರಡೂ ಸೇರಿ ಜಿಲ್ಲೆಯನ್ನೇ ಹಂಚಿಕೊಂಡರು.

ಆ ಹಂಚಿಕೆ ಇವತ್ತು ನಿಮಗೂ ತಟ್ಟುತ್ತದೆ. ಪ್ರಿಯೆಪೋಲ್ಯೆ ಸರ್ಬಿಯಾದಲ್ಲಿ, ಪ್ಲೆವ್ಲ್ಯಾ ಮಾಂಟೆನೆಗ್ರೋದಲ್ಲಿ. ನಡುವೆ ಪಾಸ್‌ಪೋರ್ಟ್ ಚೆಕ್ ಇದೆ. ಎರಡೂ ದೇಶಗಳ ವೀಸಾ ನಿಯಮ ಬೇರೆ ಬೇರೆಯಾಗಿ ನೋಡಿಕೊಳ್ಳಿ. ಭಾರತೀಯರಿಗೆ ಸರ್ಬಿಯಾದಲ್ಲಿದ್ದ ವೀಸಾ ವಿನಾಯಿತಿ 2023ರ ಜನವರಿಯಿಂದ ಹೋಗಿದೆ. ಹಳೇ ವಿಡಿಯೋ ನಂಬಿ ಹೊರಡಬೇಡಿ.

ಊಟದ್ದು ಹೇಳಲೇಬೇಕು. ಹಳೇ ಪೇಟೆಯ ಒಂದು ಸಣ್ಣ ಬೇಕರಿಯಲ್ಲಿ ಮಾಂತಿಯೆ ತಿಂದೆ. ಕೊಚ್ಚಿದ ಮಾಂಸ ತುಂಬಿದ ಪುಟಾಣಿ ಹಿಟ್ಟಿನ ಗಂಟುಗಳು, ತಟ್ಟೆ ತುಂಬ ಒತ್ತಾಗಿ ಜೋಡಿಸಿ ಬೇಯಿಸುತ್ತಾರೆ. ಮೇಲೆ ಮೊಸರು ಸುರಿದು ಕೊಡುತ್ತಾರೆ. ಮೇಲೆ ಗರಿಗರಿ, ಅಡಿಯಲ್ಲಿ ಮೊಸರು ಹೀರಿ ಮೆತ್ತಗೆ. ಬೆಲೆ ಬೆಲ್‌ಗ್ರೇಡ್‌ನ ಒಂದು ಕಾಫಿಗಿಂತ ಜಾಸ್ತಿ ಇರಲಿಲ್ಲ. ಬೆಳಿಗ್ಗೆ ತಿಂದು ಮಧ್ಯಾಹ್ನ ಮತ್ತೆ ಅಲ್ಲೇ ಹೋದೆ. ಸಸ್ಯಾಹಾರಿಗಳು ಚೀಸ್ ಪಿಟಾ (ಚೀಸ್ ತುಂಬಿದ ತೆಳು ಪದರಗಳ ತಿಂಡಿ) ಕೇಳಿ. ಸ್ಯೆನಿತ್ಸಾ ಕಡೆಯ ಚೀಸ್ ಉಪ್ಪುಪ್ಪಾಗಿ ಚೆನ್ನಾಗಿರುತ್ತದೆ.

ನೋವಿ ಪಜಾರ್ ಹತ್ತಿರದ ಸೊಪೊಚಾನಿ ಕ್ರೈಸ್ತ ಮಠದ 13ನೇ ಶತಮಾನದ ಭಿತ್ತಿಚಿತ್ರಗಳನ್ನು ಬಿಡಬೇಡಿ. ಟ್ಯಾಕ್ಸಿಗೆ ಹೋಗಿ ಬರುವ ಬಾಡಿಗೆ, ಕಾಯುವ ಹೊತ್ತು ಎರಡನ್ನೂ ಸೇರಿಸಿ ಮೊದಲೇ ಮಾತಾಡಿ. ನನ್ನ ಹತ್ತಿರ ವಾಪಸ್ಸಿಗೆ ಬೇರೆ ರೇಟು ಕಿತ್ತರು. ಪ್ಲೆವ್ಲ್ಯಾದಲ್ಲಿ ಹುಸೇನ್ ಪಾಷಾ ಮಸೀದಿ ಒಂದು ಸಾಕು, ಅಲ್ಲಿ ರಾತ್ರಿ ಉಳಿಯೋದು ಸುಮ್ನೆ ಖರ್ಚು.