ಕೈಗೆ ಅರ ಸಿಕ್ಕ ಮೇಲೆ

ಏಳನೇ ಕ್ಲಾಸಿಗೆ ಬಂದರೂ ನನಗೆ ಪಾಠ ಓದಲು ಬರುತ್ತಿರಲಿಲ್ಲ. ಬಿಡಿ ಅಕ್ಷರ ಗೊತ್ತಿತ್ತು, ಕಾಗುಣಿತವೂ ಹೇಗೋ ಬರುತ್ತಿತ್ತು. ಒತ್ತಕ್ಷರ ಬಂತೆಂದರೆ ಮುಗಿಯಿತು. ಅದರಲ್ಲೂ ಅರ್ಕಾವೊತ್ತು! 'ಸೂರ್ಯ' ಎಂದು ಬರೆದಾಗ ಆ ಗುರುತು ಕೊನೆಯಲ್ಲಿ ಕೂತಿರುತ್ತದೆ, ಓದುವಾಗ ಮಾತ್ರ ಅದನ್ನೇ ಮೊದಲು ಹೇಳಬೇಕು. ಜೊತೆಯವರಿಗೆಲ್ಲ ಸಲೀಸಾಗಿ ಬರುತ್ತಿದ್ದುದು ನನ್ನ ತಲೆಗೆ ಹತ್ತುತ್ತಲೇ ಇರಲಿಲ್ಲ. ಪ ಇದ್ದಲ್ಲಿ ಷ ಅನ್ನುತ್ತಿದ್ದೆ, ಥ ಇದ್ದಲ್ಲಿ ಧ. ಪಕ್ಕದವನು ಓದುವುದನ್ನು ಕೇಳಿ ಬಾಯಿಪಾಠ ಮಾಡಿಕೊಂಡು, ನನ್ನ ಸರದಿ ಬಂದಾಗ ಪುಸ್ತಕ ಹಿಡಿದು ಒಪ್ಪಿಸುತ್ತಿದ್ದೆ. ಮೇಷ್ಟ್ರು ನಡುವಿನ ಒಂದು ಸಾಲಿಗೆ ಬೆರಳಿಟ್ಟರೆ ಬಾಯಿ ಕಟ್ಟಿಹೋಗುತ್ತಿತ್ತು. 'ದಡ್ಡ' ಅನ್ನೋದೇ ಹೆಸರಾಯಿತು.

ಮನೆ ಮೈಸೂರಿನಲ್ಲಿ. ಅಪ್ಪ ತೀರಿಹೋದ ಮೇಲೆ ಅವ್ವ ಊದುಬತ್ತಿ ಹೊಸೆದು ನಮ್ಮನ್ನು ಸಾಕಿದಳು. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ಇದ್ದಿಲ ಪುಡಿ, ಜಿಗಟು ಪುಡಿ ಕಲಸಿ, ಮಣೆಯ ಮೇಲೆ ಬಿದಿರು ಕಡ್ಡಿಗೆ ಅಂಗೈಯಲ್ಲಿ ಒಂದೇ ಸಮ ಹೊಸೆಯಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೆಳು ಆದರೆ ವಾಪಸ್ ಬರುತ್ತದೆ, ದುಡ್ಡಿಲ್ಲ. ಸ್ಕೂಲಿಂದ ಬಂದು ನಾನೂ ಅಕ್ಕನೂ ಕೂರುತ್ತಿದ್ದೆವು. ನನ್ನ ಕಡ್ಡಿಗಳನ್ನು ಯಾರೂ ವಾಪಸ್ ಮಾಡುತ್ತಿರಲಿಲ್ಲ. ಅದೊಂದು ಕೌಶಲ ಅಂತ ಆಗ ನನಗಾಗಲಿ, ಮನೆಯಲ್ಲಾಗಲಿ ಯಾರಿಗೂ ಹೊಳೆದಿರಲಿಲ್ಲ.

ಎಸ್‌ಎಸ್‌ಎಲ್‌ಸಿಯಲ್ಲಿ ಕನ್ನಡಕ್ಕೇ ಫೇಲಾದೆ. ಸಪ್ಲಿಮೆಂಟರಿಯಲ್ಲಿ ಪಾಸಾಗಿ ಐಟಿಐಗೆ ಸೇರಿದೆ, ಫಿಟ್ಟರ್ ಟ್ರೇಡು, ಎರಡು ವರ್ಷ.

ಅಲ್ಲಿ ಮೊದಲು ಪುಸ್ತಕ ಕೊಡಲಿಲ್ಲ, ಕೈಗೆ ಅರ ಕೊಟ್ಟರು, ಕಬ್ಬಿಣ ಉಜ್ಜುವ ಫೈಲು. ಬೆಂಚ್ ವೈಸಿಗೆ, ಅಂದರೆ ಮೇಜಿನ ಹಿಡಿಕೆಗೆ, ಕಬ್ಬಿಣದ ಚೂರು ಕಟ್ಟಿ ಉಜ್ಜು, ಚಪ್ಪಟೆ ಮಾಡು, ಅಷ್ಟೇ. ಕೇಳಲು ಸುಲಭ. ನಿಜವಾಗಿ ಉಜ್ಜಿದವರಿಗೆ ಗೊತ್ತು, ಮುಂದೆ ತಳ್ಳುವಾಗ ಕೈ ತೂಗಾಡಿ ಎರಡೂ ಅಂಚು ಸವೆದು ನಡು ಉಬ್ಬುತ್ತದೆ. ಅರವನ್ನು ಮುಂದಕ್ಕೆ ತಳ್ಳುವಾಗ ಮಾತ್ರ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಒತ್ತಬಾರದು. ಎಡಗೈ ಭಾರ ನಿಧಾನಕ್ಕೆ ಬಲಗೈಗೆ ದಾಟಬೇಕು. ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಯಿತು.

ಒಂದು ದಿನ ಇನ್‌ಸ್ಟ್ರಕ್ಟರ್ ಸರ್ ನಾನು ಉಜ್ಜಿದ ಚೂರು ಎತ್ತಿಕೊಂಡು ಕಿಟಕಿ ಹತ್ತಿರ ಹೋದರು. ಮೂಲೆ ನೇರವಿದೆಯಾ ಅಂತ ನೋಡುವ ಟ್ರೈ ಸ್ಕ್ವೇರಿನ ಅಲಗನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರು. ತಗ್ಗು ಇದ್ದರೆ ಅಲಗಿನ ಕೆಳಗಿಂದ ಬೆಳಕು ಇಣುಕುತ್ತದೆ. ಉದ್ದಕ್ಕೆ ಇಟ್ಟರು, ಅಡ್ಡಕ್ಕೆ ಇಟ್ಟರು, ಮೂಲೆಯಿಂದ ಮೂಲೆಗೆ ಇಟ್ಟರು. ಎಲ್ಲೂ ಬೆಳಕು ಬರಲಿಲ್ಲ.

"ಯಾರೋ ಇದನ್ನ ಮಾಡಿದ್ದು?"

"ನಾನು ಸರ್."

"ಬನ್ರೋ ಎಲ್ಲಾ ಇಲ್ಲಿ. ಚಪ್ಪಟೆ ಅಂದ್ರೆ ಏನು ಅಂತ ಇವನ ಹತ್ರ ನೋಡಿ ಕಲೀರಿ."

ಅವತ್ತಿನವರೆಗೂ ನನ್ನ ಹೆಸರು ಹಿಡಿದು ಯಾರೂ ಇಂಥ ಮಾತು ಆಡಿರಲಿಲ್ಲ. ಸಂಜೆ ಮನೆಗೆ ಹೋಗಿ ಹೇಳಿದಾಗ ಅವ್ವ ಹೊಸೆಯುವ ಕೈ ನಿಲ್ಲಿಸಿ, "ನಿನ್ನ ಕೈ ಯಾವಾಗ್ಲೂ ಸಮ ಕಣಪ್ಪಾ" ಅಂದಳು.

ಧೈರ್ಯ ಬಂದ ಮೇಲೆ ಉಳಿದದ್ದೂ ಒಂದೊಂದಾಗಿ ಬಂತು. ಡ್ರಾಯಿಂಗ್‌ನಲ್ಲಿ ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಬರೆದ ಮೂರು ನೋಟ ನೋಡಿದರೆ ಇಡೀ ವಸ್ತು ನನಗೆ ಕಣ್ಣ ಮುಂದೆ ನಿಲ್ಲುತ್ತಿತ್ತು. ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ, ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಸಿಎನ್‌ಸಿ ಮೆಷೀನಿಗೆ ಬಂದೆ. ಅದಕ್ಕೆ ಕೋಡಿನಲ್ಲಿ ಆದೇಶ ಕೊಡಬೇಕು. ಜಿ01 ಅಂದರೆ ನೇರ ಕಟಿಂಗ್, ಜಿ02 ಅಂದರೆ ಗಡಿಯಾರದ ದಿಕ್ಕಿಗೆ ಕಮಾನು, ಎಂ30 ಅಂದರೆ ಪ್ರೋಗ್ರಾಂ ಮುಗಿಯಿತು. ಒಂದು ಅಕ್ಷರ, ಒಂದು ಅಂಕಿ. ಇದನ್ನು ಓದಲು ನನಗೆ ಒಂಚೂರೂ ಕಷ್ಟವಾಗಲಿಲ್ಲ. ಈಗ ಹೊಸ ಹುಡುಗರಿಗೆ ಮೆಷೀನ್ ಸೆಟ್ಟಿಂಗ್ ಹೇಳಿಕೊಡುವವನು ನಾನೇ.

ಕನ್ನಡ ಓದಲು ಕಲಿತದ್ದೂ ಪೀಣ್ಯದ ರೂಮಿನಲ್ಲೇ. ಪೇಪರಿನ ಕ್ರಿಕೆಟ್ ಪುಟ ತೆಗೆದು, ಸಾಲಿನ ಕೆಳಗೆ ಸ್ಕೇಲ್ ಇಟ್ಟು ಜೋರಾಗಿ ಓದುತ್ತಿದ್ದೆ. ಮ್ಯಾಚ್ ಹಿಂದಿನ ರಾತ್ರಿಯೇ ನೋಡಿರುತ್ತಿದ್ದರಿಂದ ಮುಂದಿನ ಪದ ಏನಿರಬಹುದು ಅಂತ ಅಂದಾಜು ಸಿಗುತ್ತಿತ್ತು. ತಪ್ಪಿದಾಗ ರೂಮ್‌ಮೇಟ್ ನಗದೆ ತಿದ್ದುತ್ತಿದ್ದ. ಈಗಲೂ ನಿಧಾನವೇ, ಆದರೆ ಅರ್ಕಾವೊತ್ತು ತೊಡಕಾಗುವುದಿಲ್ಲ.

ಓದಲು ತೊಡಕಾಗುವ ಈ ತೊಂದರೆಗೊಂದು ಹೆಸರಿದೆ ಅಂತ ಗೊತ್ತಾಗಿದ್ದು ಅಕ್ಕನ ಮಗನಿಂದ. ಅವನಿಗೂ ನನ್ನ ಹಾಗೇ ಆಗುತ್ತಿತ್ತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿದೆವು. ಕಲಿಕಾ ನ್ಯೂನತೆ, ಬುದ್ಧಿ ಚೆನ್ನಾಗಿಯೇ ಇದೆ ಅಂದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ವಿಧದ ಅಂಗವೈಕಲ್ಯಗಳಲ್ಲಿ ಇದೂ ಒಂದು. ಸರ್ಟಿಫಿಕೇಟ್ ಇದ್ದರೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ. ಆ ಸಂಸ್ಥೆ ನಾನು ಹುಟ್ಟುವ ಮೊದಲಿನಿಂದಲೂ ನಮ್ಮೂರಲ್ಲೇ ಇತ್ತು, ಸಿಟಿ ಬಸ್ಸಲ್ಲಿ ಹೋಗಿ ಬರುವಷ್ಟು ಹತ್ತಿರ. ನಮಗೆ ಹೇಳುವವರಿರಲಿಲ್ಲ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಹುಡುಗ ಹೆಚ್ಚುವರಿ ಸಮಯ ತೆಗೆದುಕೊಂಡು ಬರೆದು ಮೊದಲ ಸಲಕ್ಕೇ ಪಾಸಾದ. "ಮಾಮ, ಡಿಪ್ಲೊಮಾ ಮಾಡ್ಲಾ, ಐಟಿಐ ಮಾಡ್ಲಾ?" ಅಂತ ಕೇಳುತ್ತಿದ್ದಾನೆ. ಮೊದಲು ರಜದಲ್ಲಿ ಪೀಣ್ಯಕ್ಕೆ ಬಾ, ಮೆಷೀನ್ ನೋಡು, ಆಮೇಲೆ ಮಾತಾಡೋಣ ಅಂದಿದ್ದೇನೆ.