ಬುಟ್ಟಿ ಸೈಕಲ್ಲಿನ ಭಾನುವಾರ

ಶನಿವಾರ ರಾತ್ರಿ ಹತ್ತೂವರೆಗೆ ನಾನು ಸೈಕಲ್ಲಿಗೆ ನೀರಿನ ಬಾಟಲಿ ಸಿಕ್ಕಿಸುವ ಹಿಡಿಕೆಯನ್ನು ತೂಗುತ್ತಿದ್ದೆ. ಹಳೆಯದು 38 ಗ್ರಾಂ ಇತ್ತು. ಅಂದು ಸಂಜೆ ಬಂದ ಕಾರ್ಬನ್ ಹಿಡಿಕೆ 22 ಗ್ರಾಂ. ನಂಬಿಕೆ ಬರಲೆಂದು ಮೂರು ಸಲ ತಕ್ಕಡಿಯ ಮೇಲಿಟ್ಟು ತೆಗೆದೆ. ಮೂರು ಸಲವೂ 22. ಹದಿನಾರು ಗ್ರಾಂ ಉಳಿಯಿತು ಎಂದು ಹೆಂಡತಿಗೆ ಹೇಳಿದೆ. ಅವಳು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, "ಬಾಟಲಿಗೆ ಒಂದು ಗುಟುಕು ನೀರು ಕಡಿಮೆ ತುಂಬಿಸಿ, ಇನ್ನೊಂದು ಹದಿನಾರು ಗ್ರಾಂ ಉಳಿಯುತ್ತದೆ" ಎಂದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲದಿದ್ದಾಗ ಮಾಡುವಂತೆ, ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಗೊಣಗಿ ಹೊಸ ಹಿಡಿಕೆಗೆ ಸ್ಕ್ರೂ ಬಿಗಿದೆ.

ನಾನು ಸೈಕಲ್ ಹಿಡಿದದ್ದು ಹೊಟ್ಟೆ ಕರಗಿಸಲು. ಮೊದಲ ಒಂದು ವರ್ಷ ಸಾದಾ ಸೈಕಲ್ಲಿನಲ್ಲಿ ಬೆವರು ಸುರಿಸುತ್ತ, ಸಂತೋಷವಾಗಿ, ಎಷ್ಟು ದೂರ ಹೋದೆ ಎಂಬ ಲೆಕ್ಕವೂ ಇಲ್ಲದೆ ತಿರುಗಿದೆ. ಆಮೇಲೆ ಒಂದು ಗುಂಪು ಸೇರಿದೆ. ನಿಮ್ಮ ಟೈರು ಸ್ವಲ್ಪ ದಪ್ಪವಾಯಿತಲ್ಲವೇ ಎಂದು ಅಲ್ಲಿ ಒಬ್ಬರು ಬಹಳ ಮೃದುವಾಗಿ ಕೇಳಿದರು. ಅಷ್ಟೇ. ಟೈರು ತೆಳ್ಳಗಿದ್ದಷ್ಟೂ ವೇಗ ಎಂದು 23 ಮಿಲಿಮೀಟರಿನದು ಕೊಂಡೆ. ಸ್ವಲ್ಪ ಕಾಲದ ನಂತರ, ಇಲ್ಲ, ಹದವಾದ ಗಾಳಿ ತುಂಬಿದ ಅಗಲದ ಟೈರೇ ಒರಟು ರಸ್ತೆಯಲ್ಲಿ ಸಲೀಸು ಎಂದು ಎಲ್ಲರೂ ಹೇಳತೊಡಗಿದರು. ಈಗ 28 ಹಾಕಿಕೊಂಡಿದ್ದೇನೆ. ಎರಡೂ ನಂಬಿಕೆಗಳಿಗೆ ನಾನು ಹಣ ತೆತ್ತಿದ್ದೇನೆ. ಪೆಡಲ್ ತುಳಿಯುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಅಳೆಯುವ ಮೀಟರ್ ಬಂತು, ಎದೆಬಡಿತ ಎಣಿಸಲು ಎದೆಗೆ ಕಟ್ಟುವ ಪಟ್ಟಿ ಬಂತು. ನನ್ನ ಸೀಟಿನ ಎತ್ತರ 742 ಮಿಲಿಮೀಟರ್ ಎಂದು ಒಬ್ಬ ತಜ್ಞನಿಂದ ಅಳತೆ ಮಾಡಿಸಿಕೊಂಡು ಬಂದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಸ್ಪರ್ಧೆಯ ಸೈಕಲ್ 6.8 ಕಿಲೋಗ್ರಾಂಗಿಂತ ಹಗುರ ಇರುವಂತಿಲ್ಲ. ನನ್ನದು 8 ಕಿಲೋ. ಯಾವ ಸ್ಪರ್ಧೆಗೂ ನನ್ನನ್ನು ಯಾರೂ ಕರೆದಿಲ್ಲ, ಕರೆಯುವುದೂ ಇಲ್ಲ. ಆದರೂ ಒಂದು ದಿನ ಆ ನಿಯಮವನ್ನು ಮುರಿಯುವಷ್ಟು ಹಗುರವಾಗಬೇಕು ಎಂಬ ಆಸೆ ಮಾತ್ರ ಒಳಗೆ ಕುಳಿತುಬಿಟ್ಟಿತ್ತು. ನನ್ನ ತೂಕ 76. ಆ ಅಂಕಿಯ ಕಡೆಗೆ ನಾನು ಹೆಚ್ಚು ಗಮನ ಕೊಟ್ಟಿರಲಿಲ್ಲ.

ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು, ಮೈಗಂಟುವ ಬಟ್ಟೆ ತೊಟ್ಟು, ಸೈಕಲ್ಲನ್ನು ಹೊರಗಿಟ್ಟು ಗೇರ್ ಬದಲಿಸುವ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ನನ್ನ ಗೇರುಗಳು ಬ್ಯಾಟರಿಯಿಂದ ನಡೆಯುತ್ತವೆ. ಬ್ಯಾಟರಿ ಸತ್ತಿತ್ತು, ಅದೂ ಹಿಂದಿನ ಅತಿ ಚಿಕ್ಕ ಹಲ್ಲುಚಕ್ರದ ಮೇಲೆ ಚೈನ್ ಕೂತಿದ್ದಾಗ. ಮುಂದೆ 50 ಹಲ್ಲು, ಹಿಂದೆ 11. ಅಂದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಒಂಬತ್ತೂವರೆ ಮೀಟರ್ ಓಡಬೇಕು. ಇಳಿಜಾರಿನಲ್ಲಿ ಅದು ಸೊಗಸು. ನಿಂತಲ್ಲಿಂದ ಹೊರಡುವಾಗ ಗೋಡೆಯನ್ನು ತಳ್ಳಿದಂತೆ. ಆ ಬ್ಯಾಟರಿಗೆ ಹೊಂದುವ ಒಂದೇ ಒಂದು ಚಾರ್ಜರ್ ಕಚೇರಿಯ ಮೇಜಿನ ಖಾನೆಯಲ್ಲಿತ್ತು.

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಎಣಿಸಿದೆ. ಗೇರಿಗೆ ಒಂದು, ವ್ಯಾಟ್ ಮೀಟರಿಗೆ ಒಂದು, ಎದೆಪಟ್ಟಿಗೆ ಒಂದು, ಹ್ಯಾಂಡಲ್ ಮೇಲಿನ ಪುಟ್ಟ ಕಂಪ್ಯೂಟರಿಗೆ ಒಂದು, ಮುಂದಿನ ಹಿಂದಿನ ದೀಪಗಳಿಗೆ ಎರಡು. ಕಾಲಿನಿಂದ ನಡೆಯುವ ಯಂತ್ರಕ್ಕೆ ಆರು ಬ್ಯಾಟರಿ. ಕಾಲು ಮಾತ್ರ ಪೂರ್ತಿ ಚಾರ್ಜ್ ಆಗಿತ್ತು.

ಗೊಣಗಾಟ ಕೇಳಿ ಹೆಂಡತಿ ಬಾಗಿಲಿಗೆ ಬಂದಳು. "ನನ್ನದನ್ನು ತೆಗೆದುಕೊಂಡು ಹೋಗಿ. ಅದಕ್ಕೂ ಎರಡು ಚಕ್ರ ಇವೆ, ಎಣಿಸಿದ್ದೇನೆ" ಎಂದು ಹೇಳಿ ಮತ್ತೆ ಮಲಗಲು ಹೋದಳು.

ಅವಳದು ನಡುವಿನ ದಂಡ ಬಾಗಿದ ಹೆಂಗಸರ ಸೈಕಲ್. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಸ್ಟ್ಯಾಂಡು, ಮಡ್‌ಗಾರ್ಡು, ಚೈನಿಗೆ ಕವಚ, ಹೆಬ್ಬೆರಳಿನಿಂದ ಬಾರಿಸುವ ಬೆಲ್. ಗೇರ್ ಇಲ್ಲ. ಒಮ್ಮೆ ಕುತೂಹಲಕ್ಕೆ ತೂಗಿದ್ದೆ, 17 ಕಿಲೋ. ಅವಳು ಅದರಲ್ಲಿ ಗ್ರಂಥಾಲಯಕ್ಕೆ, ಕೆಲಸಕ್ಕೆ, ಗೆಳತಿಯ ಮನೆಗೆ ದಿನವೂ ಹೋಗಿ ಬರುತ್ತಾಳೆ. ಆದರೆ ನಮ್ಮ ಮನೆಯಲ್ಲಿ ಸೈಕ್ಲಿಸ್ಟ್ ಎಂದು ಕರೆಸಿಕೊಳ್ಳುವವನು ನಾನು.

ಸೀಟು ನನಗೆ ತೀರಾ ಕೆಳಗಿತ್ತು. ಎತ್ತರಿಸಲು ಅದನ್ನು ಬಿಗಿಹಿಡಿಯುವ ಸನ್ನೆ ಸಡಿಲಿಸಿದಾಗ ಸೀಟಿನ ಕಂಬದ ಮೇಲೆ ಒಂದು ಕೆಂಪು ಗೆರೆ ಕಂಡಿತು. ಉಗುರುಬಣ್ಣದ್ದು. ಯಾರಾದರೂ ಸೀಟು ಏರಿಸಿದರೂ ಇಳಿಸಿದರೂ ತನ್ನ ಅಳತೆಗೆ ಮರಳಿ ತರಲು ಹಾಕಿಕೊಂಡ ಗುರುತು. ನನ್ನ 742ರ ಕತೆ ನೆನಪಾಗಿ ಮುಖ ಸ್ವಲ್ಪ ಬಿಸಿಯಾಯಿತು. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು, ಪೆಡಲ್ ಕೆಳಗಿದ್ದಾಗ ಕಾಲು ನೆಟ್ಟಗಾಗುವಷ್ಟು ಎತ್ತರಿಸಿದೆ. ಹಳೆಯ ವಿಧಾನ, ಅಳತೆಪಟ್ಟಿ ಬೇಡ.

ಟೈರನ್ನು ಒತ್ತಿ ನೋಡಿದೆ, ಮೆತ್ತಗಿತ್ತು. ಹತ್ತು ಸಲ ಪಂಪು ಹೊಡೆದೆ. ಸೈಕಲ್ಲಿಗಾದ ಸುಧಾರಣೆಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿದೆಯೇ ಎಂಬ ಅನುಮಾನ ನನಗಿದೆ. ಡನ್‌ಲಪ್ ಎಂಬ ಪಶುವೈದ್ಯ ತನ್ನ ಮಗನ ಮೂರು ಚಕ್ರದ ಸೈಕಲ್ ಕುಲುಕದಿರಲೆಂದು ರಬ್ಬರ್ ಕೊಳವೆಗೆ ಗಾಳಿ ತುಂಬಿಸಿದ. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಗಾಳಿಗೆ ಈಗಲೂ ದುಡ್ಡಿಲ್ಲ, ತೂಕವೂ ಇಲ್ಲವೆನ್ನುವಷ್ಟು. ನಾನು ಹಿಡಿಕೆ ತೂಗುವ ಹೊತ್ತಿನಲ್ಲಿ ಅವಳ ಟೈರಿಗೆ ಗಾಳಿ ಹೊಡೆದಿಟ್ಟಿದ್ದರೆ ಮನೆಗೆ ಒಂದು ಉಪಕಾರವಾಗುತ್ತಿತ್ತು.

ನನ್ನ ಬೂಟುಗಳ ಅಡಿಗೆ ವಿಶೇಷ ಪೆಡಲಿಗಷ್ಟೇ ಕಚ್ಚುವ ಗಟ್ಟಿ ತುಂಡುಗಳಿವೆ. ಇಲ್ಲಿ ಅವು ಜಾರುತ್ತವೆ. ಹೀಗಾಗಿ ಮೇಲೆ ಹೆಲ್ಮೆಟ್, ನಡುವೆ ಸ್ಪರ್ಧಿಯ ಪೋಷಾಕು, ಕೆಳಗೆ ಚಪ್ಪಲಿ. ಗುಂಪು ಮುಂದೆ ಹೋಗಿಬಿಡಲಿ ಎಂದು ಅರ್ಧ ಗಂಟೆ ಕಾದು ಹೊರಟೆ.

ಮೊದಲ ಹತ್ತು ನಿಮಿಷ ಕಣ್ಣು ತಾನಾಗಿ ಹ್ಯಾಂಡಲಿನ ನಡುವಿಗೆ ಬೀಳುತ್ತಿತ್ತು. ಅಲ್ಲಿ ವೇಗ, ವ್ಯಾಟ್, ಎದೆಬಡಿತ ಕಾಣಬೇಕು. ಕಂಡದ್ದು ಬುಟ್ಟಿ. ಬುಟ್ಟಿಯಲ್ಲಿ ಒಂದು ಒಣಗಿದ ಎಲೆ ಇತ್ತು. ರಸ್ತೆಯ ಸಣ್ಣ ಹಳ್ಳಕ್ಕೆಲ್ಲ ಅದು ಹಾರಿ ಮತ್ತೆ ಅಲ್ಲೇ ಬೀಳುತ್ತಿತ್ತು. ಎಷ್ಟು ವೇಗದಲ್ಲಿದ್ದೇನೆ ಎಂದು ತಿಳಿಯದೆ ಮೊದಲು ಚಡಪಡಿಸಿದೆ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು, ಅದನ್ನು ಮೀರಲು ಬೇಕಾದ ಶಕ್ತಿ ಎಂಟು ಪಟ್ಟು. ಹೀಗಿರುವಾಗ ಬೆನ್ನು ನೆಟ್ಟಗೆ ಮಾಡಿ, ಎದೆಯನ್ನು ಬಾಗಿಲಿನಂತೆ ಗಾಳಿಗೆ ಒಡ್ಡಿ ಕೂರುವುದು ನಮ್ಮ ಗುಂಪಿನಲ್ಲಿ ಮಹಾಪಾಪ. ಆದರೆ ನಿಧಾನವಾಗಿ ಹೋಗುವವನಿಗೆ ಈ ಗಣಿತವೇ ಕರುಣೆ ತೋರಿಸುತ್ತದೆ. ವೇಗ ಸ್ವಲ್ಪ ಇಳಿಸಿದರೆ ಗಾಳಿ ಬಹಳವೇ ಸುಮ್ಮನಾಗುತ್ತದೆ. ಅದು ಎದುರಾಳಿಯಾಗಿದ್ದದ್ದು ಮುಖ ಸವರುವ ತಂಪಾಯಿತು.

ಬೆನ್ನು ನೆಟ್ಟಗಿದ್ದುದರಿಂದ ತಲೆಯೂ ಎತ್ತಿಯೇ ಇತ್ತು. ದಾರಿಯಲ್ಲಿ ಒಂದು ಸೇತುವೆ ಬರುತ್ತದೆ. ಅದನ್ನು ಇನ್ನೂರು ಸಲವಾದರೂ ದಾಟಿದ್ದೇನೆ. ನನ್ನ ಮಟ್ಟಿಗೆ ಅದು ಸಮಯ ಎಣಿಸಲು ಶುರುವಾಗುವ ಜಾಗ. ಅದರ ಕೆಳಗೆ ನೀರು ಹರಿಯುತ್ತದೆ, ನೀರಿನ ಸದ್ದು ಮೇಲಿನವರೆಗೂ ಕೇಳುತ್ತದೆ ಎಂಬುದು ಅಂದು ಗೊತ್ತಾಯಿತು. ಸೇತುವೆಯ ಗೋಡೆಗೆ ಕಾಲು ಆನಿಸಿ ನಿಂತು ನೋಡಿದೆ. ನಿಂತರೆ ಸರಾಸರಿ ಇಳಿಯುತ್ತದೆ ಎಂಬ ಹೆದರಿಕೆ ಇರಲಿಲ್ಲ. ಇಳಿಯಲು ಸರಾಸರಿಯೇ ಇರಲಿಲ್ಲವಲ್ಲ.

ಆಮೇಲೆ ಏರು. ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಮುಗಿಸುವ ಏರು. ಪೆಡಲ್ ಭಾರವಾಗುತ್ತ ಬಂದಂತೆ ತಲೆ ಲೆಕ್ಕಕ್ಕೆ ಇಳಿಯಿತು, ಅಭ್ಯಾಸಬಲ. ಕಡಿದಾದ ಏರಿನಲ್ಲಿ ಖರ್ಚಾಗುವ ಶ್ರಮ ಹೆಚ್ಚುಕಡಿಮೆ ಒಟ್ಟು ತೂಕಕ್ಕೆ ತಕ್ಕಂತೆ. ನಾನೂ ನನ್ನ ಸೈಕಲ್ಲೂ ಸೇರಿ 84 ಕಿಲೋ. ನಾನೂ ಇವಳ ಸೈಕಲ್ಲೂ ಸೇರಿ 93. ಅಷ್ಟೇ ಶಕ್ತಿ ಹಾಕಿದರೆ ಹತ್ತು ನಿಮಿಷದ ಏರು ಹನ್ನೊಂದು ನಿಮಿಷವಾಗುತ್ತದೆ. ಇಡೀ ಒಂಬತ್ತು ಕಿಲೋ ವ್ಯತ್ಯಾಸಕ್ಕೆ ಒಂದೇ ನಿಮಿಷ! ಹಾಗಾದರೆ ರಾತ್ರಿ ಉಳಿಸಿದ ಹದಿನಾರು ಗ್ರಾಂ? ಉಸಿರು ಸಿಕ್ಕಿಕೊಳ್ಳುತ್ತಿದ್ದರೂ ಬಿಡದೆ ಭಾಗಿಸಿದೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಅದನ್ನು ಮೂರು ಸಲ ತೂಗಿದ್ದೆ.

ಲೆಕ್ಕ ಸರಿ, ಆದರೆ ಮೊಣಕಾಲು ಒಪ್ಪಲಿಲ್ಲ. ಹಗುರ ಗೇರ್ ಇಲ್ಲದ ಕಡೆ "ಅಷ್ಟೇ ಶಕ್ತಿ" ಎಂಬುದು ಕಾಗದದ ಮೇಲಿನ ಮಾತು. ಕೊನೆಯ ತಿರುವಿನಲ್ಲಿ ಇಳಿದು ತಳ್ಳತೊಡಗಿದೆ. ಟೂರ್ ಡಿ ಫ್ರಾನ್ಸ್ ಸೈಕಲ್ ಸ್ಪರ್ಧೆ ಶುರುವಾದದ್ದು 1903ರಲ್ಲಿ, ಅಲ್ಲಿ ಚೈನ್ ಸರಿಸುವ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮುಂಚಿನವರು ಹಿಂದಿನ ಚಕ್ರ ಬಿಚ್ಚಿ, ತಿರುವಿ, ಇನ್ನೊಂದು ಬದಿಯ ಹಲ್ಲುಚಕ್ರಕ್ಕೆ ಚೈನ್ ಹಾಕಿಕೊಂಡು ಪರ್ವತ ಏರುತ್ತಿದ್ದರು. ಇದನ್ನು ಎಷ್ಟೋ ಸಲ ಗುಂಪಿನಲ್ಲಿ ರಸವತ್ತಾಗಿ ಹೇಳಿದ್ದೇನೆ. ತೊಡೆಯಲ್ಲಿ ತಿಳಿದದ್ದು ಅಂದೇ. ಗೇರ್ ಕಂಡುಹಿಡಿದವರನ್ನು ಮನಸ್ಸಿನಲ್ಲೇ ವಂದಿಸಿದೆ. ಸರಳತೆಯ ಹೆಸರಿನಲ್ಲಿ ಗೇರನ್ನು ಹೀಗಳೆಯುವವರು ಒಮ್ಮೆ ಆ ತಿರುವಿಗೆ ಬರಲಿ.

ಮೇಲೆ ತಲುಪಿದರೆ ನಮ್ಮ ಗುಂಪಿನ ಇಬ್ಬರು ಅಲ್ಲೇ ಇದ್ದರು! ಒಬ್ಬರ ಟ್ಯೂಬಿಲ್ಲದ ಟೈರಿಗೆ ತೂತು ಬಿದ್ದಿತ್ತು. ಒಳಗಿನ ಅಂಟುದ್ರವ ತೂತು ಮುಚ್ಚಬೇಕಿತ್ತು, ಮುಚ್ಚಿರಲಿಲ್ಲ. ಗಾಳಿ ತುಂಬುವ ಪುಟ್ಟ ಸಿಲಿಂಡರು ಚಕ್ರದೊಳಗೆ ಹೋಗುವ ಬದಲು ಆಕಾಶಕ್ಕೆ ಖಾಲಿಯಾಗಿತ್ತು. ಇನ್ನೊಬ್ಬರು ಕೈಪಂಪಿನಿಂದ ಹೊಡೆಯುತ್ತ, ಮತ್ತೆ ಚಕ್ರ ತಿರುಗಿಸುತ್ತ, ಅಂಟು ಕಚ್ಚಲೆಂದು ಕಾಯುತ್ತಿದ್ದರು. ನನ್ನನ್ನು ಕಂಡು ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಹೊಸತೇ?" ಎಂದರು ಹಿರಿಯರು.

"ಹೆಂಡತಿಯದು."

"ಬುಟ್ಟಿ ಕಾರ್ಬನ್ನಿನದೇ?"

ಮೂವರೂ ನಕ್ಕೆವು. ಆ ಹಿರಿಯರು ಹಿಂದಿನ ವಾರವಷ್ಟೇ, ಸೈಕಲ್ ಇನ್ನಷ್ಟು ಸಲೀಸಾಗಿ ಉರುಳಲೆಂದು, ಸೆರಾಮಿಕ್ ಬೇರಿಂಗ್ ಹಾಕಿಸಿದ್ದರು. ಸ್ಕಾಟ್ಲೆಂಡಿನ ಸೈಕ್ಲಿಸ್ಟ್ ಗ್ರೇಮ್ ಓಬ್ರಿಯ ಕತೆ ಎತ್ತಿದವರೂ ಅವರೇ. 1993ರ ಜುಲೈಯಲ್ಲಿ ಓಬ್ರಿ, ಬಟ್ಟೆ ತೊಳೆಯುವ ಯಂತ್ರದ ಬೇರಿಂಗ್ ಜೋಡಿಸಿ ತಾನೇ ಮಾಡಿಕೊಂಡ ಸೈಕಲ್ಲಿನಲ್ಲಿ, ಒಂದು ಗಂಟೆಗೆ 51.596 ಕಿಲೋಮೀಟರ್ ಹೋಗಿ ವಿಶ್ವದಾಖಲೆ ಬರೆದ. ನಾನು ತಲೆಯಾಡಿಸುತ್ತಿದ್ದಂತೆ ಇನ್ನೊಬ್ಬರು, "ಆರೇ ದಿನಕ್ಕೆ ಕ್ರಿಸ್ ಬೋರ್ಡ್‌ಮನ್ ಅದನ್ನು ಮುರಿದರಲ್ಲ, ಕಾರ್ಬನ್ ಸೈಕಲ್ಲಿನಲ್ಲಿ" ಎಂದರು. ಎರಡೂ ನಿಜ. ಹೀಗಾಗಿ ಆ ಚರ್ಚೆ ನಮ್ಮಲ್ಲಿ ಎಂದೂ ಮುಗಿದಿಲ್ಲ.

ಅಂಟು ಕಚ್ಚುವವರೆಗೆ ಒಂದು ಸುತ್ತು ಕೊಡಿ ಎಂದು ಹಿರಿಯರು ಸೈಕಲ್ ಕೇಳಿದರು. ಬೂಟು ಕಳಚಿ, ಕಾಲುಚೀಲದಲ್ಲೇ ಹತ್ತಿದರು. ಗುಡ್ಡದ ತಲೆಯ ಸಮತಟ್ಟಿನಲ್ಲಿ ಒಂದು ಸುತ್ತು ಹೋದರು, ಎರಡನೆಯದಕ್ಕೂ ಹೋದರು. ಮರೆಯಾದ ಮೇಲೂ ಬೆಲ್ಲಿನ ಸದ್ದು ಕೇಳುತ್ತಲೇ ಇತ್ತು. ರಸ್ತೆಯಲ್ಲಿ ಒಂದು ಜೀವಿಯೂ ಇರಲಿಲ್ಲ. ಯಾರಿಗೆ ಬಾರಿಸುತ್ತಿದ್ದರೋ! ಟೈರು ಸರಿಹೋಗಿ ಕಾಲು ಗಂಟೆಯಾದ ಮೇಲೆ ಮರಳಿ ಬಂದು ಸೈಕಲ್ ಒಪ್ಪಿಸಿದರು. ಸೀಟು ತುಸು ಎತ್ತರ ಎಂದರು, ಬೇರಿಂಗ್ ಬಗ್ಗೆ ಏನೂ ಹೇಳಲಿಲ್ಲ.

ಇಳಿಜಾರಿನಲ್ಲಿ ಅವರಿಬ್ಬರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾದರು. ನಾನು ಎರಡೂ ಬ್ರೇಕ್ ಹಿಸುಕಿಕೊಂಡೇ ಇಳಿದೆ. ಅವು ನಿಲ್ಲಿಸುವುದಕ್ಕಿಂತ ಹೆಚ್ಚಾಗಿ ಕೀರಲು ದನಿಯಲ್ಲಿ ದೂರು ಹೇಳುತ್ತಿದ್ದವು. ನನ್ನ ಸೈಕಲ್ಲಿನ ಡಿಸ್ಕ್ ಬ್ರೇಕ್ ನೆನಪಾಗಿ ಕಣ್ಣು ತೇವವಾಯಿತು ಎಂದರೆ ಅತಿಶಯ, ಆದರೆ ಸ್ವಲ್ಪವೇ ಅತಿಶಯ. ಸಮತಟ್ಟಿಗೆ ಬಂದ ಮೇಲೆ ಬ್ರೇಕ್ ಬಿಟ್ಟು, ಕಾಲುಗಳನ್ನು ಎರಡೂ ಬದಿಗೆ ಚಾಚಿದೆ. ಎತ್ತರದ ಸೈಕಲ್ಲಿನ ಚೌಕಟ್ಟಿನ ನಡುವೆ ಕಾಲು ತೂರಿಸಿ ಅರ್ಧ ಪೆಡಲ್ ಹೊಡೆಯುತ್ತಿದ್ದ ವಯಸ್ಸಿನಲ್ಲಿ ಇಳಿಜಾರು ಸಿಕ್ಕರೆ ಹೀಗೇ ಮಾಡುತ್ತಿದ್ದದ್ದು. ಹಿಂದಿನ ಚಕ್ರ ಟಿಕಟಿಕ ಎನ್ನುತ್ತ ತಾನಾಗಿ ಉರುಳಿತು. ಎಲೆ ಮಾತ್ರ ಎಲ್ಲೋ ಹಾರಿಹೋಗಿತ್ತು.

ಮನೆಗೆ ಬಂದು ಸೀಟನ್ನು ಕೆಂಪು ಗೆರೆಗೆ ಇಳಿಸಿದೆ. ಬ್ರೇಕಿನ ರಬ್ಬರ್ ಸವೆದಿದ್ದುದನ್ನು ನೋಡಿ, ಮರುದಿನ ಚಾರ್ಜರ್ ತರುವಾಗ ಹೊಸದನ್ನೂ ತಂದು ಹಾಕಿದೆ. ನನ್ನ ಸೈಕಲ್ ಮತ್ತೆ ಜೀವ ಪಡೆಯಿತು, ಅದರಲ್ಲಿ ಸವಾರಿಯೂ ನಡೆದಿದೆ. ಸುಳ್ಳು ಹೇಳಬಾರದು: ಆ ಭಾನುವಾರದ ರಾತ್ರಿಯೇ ನಾನು ಎರಡು ಗಂಟೆ ಮೊಬೈಲ್ ಹಿಡಿದು ಬುಟ್ಟಿಗಳನ್ನು ನೋಡಿದೆ. ಬೆತ್ತದ್ದೋ ತಂತಿಯದೋ, ಯಾವುದು ಎಷ್ಟು ಗ್ರಾಂ ಎಂದು.

ಕೊಳ್ಳಲಿಲ್ಲ. ಮುಂದಿನ ಶನಿವಾರ ಹೆಂಡತಿ ಹೊರಡುವಾಗ ಸೈಕಲ್ಲಿನ ಬಳಿ ಬಗ್ಗಿ ನಿಂತದ್ದು ಕಂಡಿತು. ಸೀಟಿನ ಕಂಬದ ಮೇಲೆ ಅವಳ ಗೆರೆಯಿಂದ ಅಂಗೈಯಗಲ ಕೆಳಗೆ ಅದೇ ಬಣ್ಣದ ಇನ್ನೊಂದು ಗೆರೆ ಇತ್ತು, ಕೈ ನಡುಗಿ ಸ್ವಲ್ಪ ಸೊಟ್ಟಗೆ.

"ರೀ, ನನ್ನ ಉಗುರುಬಣ್ಣ ಮುಟ್ಟಿದವರು ಯಾರು?" ಎಂದಳು.